ಸಿಪ್ಪೆ ಎಮ್ಮೆಗೆ, ತಿರುಳು ಮೇಡಂಗೆ

ಮೊನ್ನೆ ಉದಗೀರದ ಬಸ್ ಸ್ಟ್ಯಾಂಡ್ ಹೊರಗೆ ಗಾಡಿ ತುಂಬ ನೇರಳೆ ಹಣ್ಣು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕೆಮಿಸ್ಟ್ರಿ ಮೇಡಂ ನೆನಪಾದರು… ಜೊತೆಗೆ ನನ್ನ ಬುದ್ಧಿವಂತಿಕೆಯೂ.

ಪೇಟೆಯ ದಪ್ಪ ನೇರಳೆಗಿಂತ ನಮ್ಮ ಹೊಲದ ಬದುವಿನ ಸಣ್ಣ, ಗಂಟಲು ಹಿಡಿಯುವ ನೇರಳೆಯಲ್ಲೇ ದೇಹಕ್ಕೆ ಒಳ್ಳೆಯದಾದ ಆಂಥೋಸಯಾನಿನ್ ಹೆಚ್ಚು ಎನ್ನುವುದು ಮೇಡಂ ವಾದ. ಹಣ್ಣಿಗೆ ಬಣ್ಣ ಕೊಡುವುದೂ ಅದೇ. ಕಾಲೇಜಿನಲ್ಲಿ ಉಳಿದವರೆಲ್ಲ ನಗುತ್ತಿದ್ದರು. ಲಾತೂರಿನ ವಿಜ್ಞಾನ ಪ್ರದರ್ಶನದಲ್ಲಿ ತೋರಿಸಿಯೇ ಬಿಡುವ ಹಟ ಅವರಿಗೆ. ನಿವೃತ್ತಿಗೆ ಮುಂಚೆ ಅದೇ ಕೊನೆಯ ಅವಕಾಶ. ಎರಡೂ ಜಾತಿಯ ಹಣ್ಣು ತರುವ ಕೆಲಸ, ದೇವರೇ ಗತಿ, ಅವರ ವಿದ್ಯಾರ್ಥಿ ನನಗೆ ಬಿತ್ತು.

ಪ್ರದರ್ಶನದ ಹಿಂದಿನ ದಿನ ಶಿರೂರ ಅನಂತಪಾಳದ ನಮ್ಮ ಮನೆಯಿಂದ ಎರಡು ಡಬ್ಬಿ ಹೊತ್ತು ದೊಡ್ಡ ವಿಜ್ಞಾನಿಯಂತೆ ಬಂದೆ. ಮೇಡಂ ಮುಚ್ಚಳ ತೆಗೆದರು. ಒಳಗೆ ಬರೀ ಬಿಳಿಚಿದ ತಿರುಳು.

"ಸಿಪ್ಪಿ ಎಲ್ಲಿ ಹೋಯ್ತೋ?"

"ಎಮ್ಮಿಗಿ ಹಾಕೀನ್ರೀ ಮೇಡಂ. ಸ್ವಚ್ಛ ಸುಲದು ತಂದೀನಿ, ಬಣ್ಣದ ಒಂದು ಕಲಿನೂ ಇಲ್ಲ ನೋಡ್ರಿ!"

"ಶಾಣ್ಯಾ! ಬಣ್ಣ ಎಲ್ಲಾ ಸಿಪ್ಪ್ಯಾಗೇ ಇರ್ತದ. ನಿನಗಿಂತ ನಿಮ್ಮ ಎಮ್ಮಿಗೇ ಕೆಮಿಸ್ಟ್ರಿ ಚಲೋ ಬರ್ತದ."

ದಪ್ಪ ಹಣ್ಣು ಪೇಟೆಯಲ್ಲಿ ಸಿಕ್ಕಿತು. ಸಣ್ಣದಕ್ಕೆ ನಮ್ಮ ಮರವೇ ಗತಿ. ಮೇಡಂ ಸ್ಕೂಟಿ ಹೊರಗೆಳೆದರು. "ಕುಂದರು ಹಿಂದ! ಎಮ್ಮಿ ಗಿಡಾ ಏರೂದ್ರಾಗ ಮುಟ್ಟಬೇಕು."

ನೇರಳೆಯ ಟೊಂಗೆ ಪಟ್ಟನೆ ಮುರಿಯುತ್ತದೆಂದು ನಮ್ಮಲ್ಲಿ ಯಾರೂ ಹತ್ತುವುದಿಲ್ಲ. ಕೆಳಗೆ ಧೋತರ ಹಿಡಿದು ಕೋಲಿನಿಂದ ಅಲುಗಾಡಿಸುತ್ತಾರೆ. ನಾನು ಹತ್ತಿದೆ. ಅಪ್ಪ ಮತ್ತು ಮೇಡಂ ಧೋತರದ ಅಂಚು ಹಿಡಿದರು. ಲಟಕ್! ಹಣ್ಣು, ಟೊಂಗೆ, ನಾನು, ಮೂರೂ ಒಟ್ಟಿಗೇ ಇಳಿದೆವು. ಮೇಡಂ ಮೊದಲು ಎತ್ತಿದ್ದು ಹಣ್ಣು.

"ಮೇಡಂ, ನಾನ್ರೀ…"

"ನೀ ಕೆಡಂಗಿಲ್ಲ, ಸುಮ್ನ ಬಿದ್ದಿರು."

ಮರುದಿನ ಪ್ರದರ್ಶನದಲ್ಲಿ ಎರಡು ಬಾಟಲಿಗೂ ಸಮತೂಕದ ಸಿಪ್ಪೆ, ಬಣ್ಣ ಬಿಡಿಸಲು ಸಮ ಪ್ರಮಾಣದ ಸ್ಪಿರಿಟ್. ದಪ್ಪ ಹಣ್ಣಿನ ಬಾಟಲಿ ಶರಬತ್ತಿನಂತೆ ಗುಲಾಬಿಯಾಯಿತು. ನಮ್ಮದು ಶಾಯಿಯಂತೆ ಕಪ್ಪೇರಿತು. ಪರೀಕ್ಷಕರು ಹುಬ್ಬೇರಿಸಿದರು. ಆ ಪರೀಕ್ಷಕರ ಕೈಯಿಂದಲೇ ಮೇಡಂ ತೂಗಿಸಿ, ನೆನೆಸಿ, ಮತ್ತೆ ಮಾಡಿಸಿದರು. ಮತ್ತೂ ಕಪ್ಪು! ಮೊದಲ ಬಹುಮಾನ ನಮಗೆ.

"ಗೆದ್ದೀವಲ್ಲೋ ಹುಚ್ಚಪ್ಪಾ!" ಎಂದು ಮೇಡಂ ಸಭೆಯೆದುರೇ ನನ್ನ ಬೆನ್ನಿಗೆ ಗುದ್ದಿದರು. ಮರದಿಂದ ಬಿದ್ದಿದ್ದ ಬೆನ್ನೇ ಅದು. ಆದರೂ ಎಂಥ ಗುದ್ದು…

ಹೋದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಕಾಲೇಜಿನಲ್ಲಿ ಅವರ ಲ್ಯಾಬಿನಲ್ಲೇ ಈಗ ನಾನು ಸಹಾಯಕ. ಈ ವರ್ಷ ವಿದ್ಯಾರ್ಥಿಗಳು ಮುರುಮದಿಂದ, ಸಾಸ್ತೂರದಿಂದಲೂ ಹಣ್ಣು ತಂದರು. ಸಣ್ಣದೇ ಮತ್ತೆ ಗೆದ್ದಿತು; ಅವರ ಜೊತೆ ನಾನೂ ಸಿಳ್ಳೆ ಹೊಡೆದೆ. ಅವರು ನನ್ನನ್ನು ಸರ್ ಎನ್ನುತ್ತಾರೆ, ಹೇಳಿದ್ದನ್ನೆಲ್ಲ ನಂಬುತ್ತಾರೆ. ಆ ಲ್ಯಾಬಿನಲ್ಲಿ ನನ್ನನ್ನು ಬೈಯುವವರು ಈಗ ಯಾರೂ ಇಲ್ಲ.