ಲಿಸ್ಬನ್ನಿನ ಮೆಟ್ಟಿಲ ಮೇಲೆ ನನ್ನ ಚಪ್ಪಲಿ

ದೆವ್ವ, ಗಾಳಿ, ಸತ್ತವರ ಸುಳಿವು, ಇಂಥ ಮಾತು ಬಂದರೆ ನಾನು ಎದ್ದು ಹೋಗುವವಳು. ದರ್ಗಾದ ಬಾಗಿಲಲ್ಲೇ ಬೆಳೆದವಳು ನಾನು. ಮೈಮೇಲೆ ಬಂದವರು ಕೂಗಾಡುವುದನ್ನೂ, ಆಮೇಲೆ ಅವರೇ ಟೀ ಅಂಗಡಿಯಲ್ಲಿ ಬನ್ನು ಅದ್ದಿ ತಿನ್ನುವುದನ್ನೂ ಚಿಕ್ಕಂದಿನಿಂದ ಕಂಡಿದ್ದೇನೆ. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ಚನ್ನಗಿರಿ ಹತ್ತಿರದ ಒಂದು ದರ್ಗಾದ ಮುಂದೆ ಚಪ್ಪಲಿ ಕಾಯುವುದು ನಮ್ಮ ಅಬ್ಬಾಜಿಯ ಕೆಲಸವಾಗಿತ್ತು. ಅದರಲ್ಲೇ ನನ್ನನ್ನು ಬಿ.ಎ., ಬಿ.ಎಡ್. ಓದಿಸಿದರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು; ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಜನ ಒಳಗೆ ಹೋದ ಮೇಲೆ ಅಬ್ಬಾಜಿ ಪ್ರತಿ ಜೋಡಿಯನ್ನೂ ಹೊರಗೆ ಮುಖ ಮಾಡಿ ತಿರುಗಿಸಿಡುತ್ತಿದ್ದರು. ಹಿಮ್ಮಡಿ ಎರಡೂ ತಾಗಿರಬೇಕು, ಮುಂಭಾಗ ಸ್ವಲ್ಪ ಅಗಲಿರಬೇಕು. ಯಾರಾದರೂ ಕೇಳಿದರೆ, "ಮನುಷ್ಯ ನಿಂತಂಗೆ ಕಾಣ್ಬೇಕ್ರಿ" ಅನ್ನುವರು. ಬೇರೆ ಯಾರೂ ಹಾಗಿಡುವುದನ್ನು ನಾನು ಕಂಡಿಲ್ಲ. ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ನಮ್ಮ ಹೊಸ್ತಿಲ ಹೊರಗೆ ನನ್ನ ಚಪ್ಪಲಿಯೂ ದಿನಾ ಹಾಗೇ ನಿಂತಿರುತ್ತಿದ್ದವು.

ಬಿ.ಎಡ್. ಓದುವಾಗ ಗೆಳತಿಯರು ದರ್ಗಾ ನೋಡಬೇಕೆಂದು ಹೊರಟರು. ತಪ್ಪಿಸಿಕೊಳ್ಳಲಾಗಲಿಲ್ಲ. ಬಾಗಿಲಲ್ಲಿ ಅಬ್ಬಾಜಿ ನನ್ನನ್ನು ನೋಡಿದರು. ನಾನು ಗುರುತಿಲ್ಲದವಳಂತೆ ಚಪ್ಪಲಿ ಬಿಟ್ಟು ಒಳಗೆ ನಡೆದೆ. ವಾಪಸು ಬಂದಾಗ ನನ್ನ ಜೋಡಿಯನ್ನು ಮುಂದಕ್ಕೆ ಸರಿಸಿ, "ತಗಳ್ರಿ ಮೇಡಂ, ಹುಷಾರಾಗಿ ಹೋಗಿ ಬರ್ರಿ" ಅಂದರು. ಮನೆಯಲ್ಲಿ ನಾವು ಆಡುವುದು ಉರ್ದು. ಅವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

ಮನೆಯಲ್ಲಿ ಆ ಬಗ್ಗೆ ಒಂದು ಮಾತೂ ಬರಲಿಲ್ಲ. ಪ್ರೀತಿಯೇನೂ ಕಡಿಮೆಯಾಗಲಿಲ್ಲ. ಆದರೆ ಮರುದಿನ ಹೊಸ್ತಿಲಲ್ಲಿ ನನ್ನ ಚಪ್ಪಲಿ ನಾನು ಬಿಟ್ಟಂತೆಯೇ ಬಿದ್ದಿದ್ದವು. ತೀರಿಕೊಳ್ಳುವವರೆಗೂ ಅವರು ಮತ್ತೆ ಅವನ್ನು ಮುಟ್ಟಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ.

ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಒಂದು ಬೇಸಿಗೆ ರಜೆಯಲ್ಲಿ ನಾನು ಲಿಸ್ಬನ್‌ಗೆ ಹೋದೆ. ನ್ಯಾಮತಿಯ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು ನಾನು. ಪೋರ್ಚುಗೀಸರ ಹಡಗು ಹೊರಟ ಊರನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ, ಒಮ್ಮೆ ಕಣ್ಣಾರೆ ನೋಡುವ ಆಸೆ. ಜೊತೆಗೆ ಜಗಳೂರಿನ ನಿವೃತ್ತ ಶಿಕ್ಷಕಿ ಗಿರಿಜಕ್ಕ ಇದ್ದರು. ಊರೆಲ್ಲ ಏರು, ಇಳಿವು. ಹಳದಿ ಟ್ರಾಮು ಮನೆಗಳ ಗೋಡೆ ಸವರಿಕೊಂಡೇ ಹತ್ತುತ್ತದೆ. ಒಂದು ಚರ್ಚಿಗೆ ಚಾವಣಿಯೇ ಇಲ್ಲ. ಹಳೆಯ ಭೂಕಂಪದಲ್ಲಿ ಬಿದ್ದದ್ದನ್ನು ಮತ್ತೆ ಕಟ್ಟಲಿಲ್ಲವಂತೆ. ಕಮಾನುಗಳ ನಡುವೆ ಬರೀ ಆಕಾಶ. ಗಿರಿಜಕ್ಕ ಕತ್ತೆತ್ತಿ ನೋಡಿ, "ಪಾಪ, ಇವ್ರಿಗೂ ಗ್ರಾಂಟು ಬಂದಿಲ್ಲ ಕಣೆ, ನಮ್ಮ ಸ್ಕೂಲಿನಂಗೆ" ಅಂದರು.

ಅಲ್ಲಿಂದ ಇಳಿದು ಇನ್ನೊಂದು ಚರ್ಚಿಗೆ ಬಂದೆವು. ಮೆಟ್ಟಿಲ ಮೇಲೆ ನಾನು ಚಪ್ಪಲಿ ಬಿಟ್ಟೆ.

"ಇದೇನೇ, ನಿಮ್ಮೂರ ದರ್ಗಾ ಅನ್ಕಂಡೆಯಾ? ಎಲ್ರೂ ಬೂಟು ಹಾಕ್ಕಂಡೇ ಹೋಗ್ತಾ ಅವರೆ ನೋಡು" ಅಂದರು ಗಿರಿಜಕ್ಕ.

"ದೇವರ ಮನೆ ಯಾರದಾದ್ರೇನಕ್ಕ, ನನಗೆ ಹಂಗೇ ಹೋಗಾಕೆ ಆಗಲ್ಲ."

"ಕಳುವಾದ್ರೆ ಬರಿಗಾಲಲ್ಲೇ ಊರು ಮುಟ್ಟಬೇಕಾಗುತ್ತೆ, ನನ್ನ ಕೇಳಬ್ಯಾಡ!"

ಆ ಚರ್ಚು ಒಮ್ಮೆ ಬೆಂಕಿಯಲ್ಲಿ ಸುಟ್ಟದ್ದು. ಚಾವಣಿ ಹೊಸದು ಹಾಕಿದ್ದಾರೆ, ಕಂಬಗಳನ್ನು ಮುಟ್ಟಿಲ್ಲ. ಸಿಡಿದ ಕಲ್ಲು, ಹಿಡಿದ ಕರಿ ಹಾಗೇ ಇದೆ. ಅದರ ನಡುವೆಯೇ ಜನ ಮೊಣಕಾಲೂರಿದ್ದರು. ಇವರು ಸುಟ್ಟದ್ದನ್ನು ಮುಚ್ಚಿಟ್ಟಿಲ್ಲವಲ್ಲ ಅನ್ನಿಸಿತು. ಬರಿಗಾಲಿಗೆ ನೆಲ ತಣ್ಣಗೆ ಕೊರೆಯುತ್ತಿತ್ತು. ಯಾಕೋ ಒಂದು ಕಂಬಕ್ಕೆ ಕೈಯಿಟ್ಟು, ಮೆಲ್ಲಗೆ ನಮ್ಮ ಮನೆಯ ಮಾತಿನಲ್ಲಿ, ಅವತ್ತು ನಿಮ್ಮನ್ನು ನನ್ನ ತಂದೆ ಅನ್ನಲಿಲ್ಲ, ತಪ್ಪಾಯಿತು ಅಬ್ಬಾಜಿ ಅಂದೆ. ಅಷ್ಟು ವರ್ಷ ಬಾಯಿಗೆ ಬಾರದ ಮಾತು.

ಹೊರಗೆ ಬಂದರೆ ನನ್ನ ಚಪ್ಪಲಿ ತಿರುಗಿ ನಿಂತಿದ್ದವು. ಮುಖ ಬೀದಿಯ ಕಡೆಗೆ. ಹಿಮ್ಮಡಿ ತಾಗಿಸಿ, ಮುಂಭಾಗ ಸ್ವಲ್ಪ ಅಗಲಿಸಿ.

ನಟ್ಟ ನಡು ಹಗಲು. ಬಾಗಿಲ ಪಕ್ಕ ಭಿಕ್ಷೆಗೆ ಕೂತ ಒಬ್ಬ ಮುದುಕಿ ಬಿಟ್ಟರೆ ಯಾರೂ ಇರಲಿಲ್ಲ. ಗಿರಿಜಕ್ಕ ಕೈಸನ್ನೆ ಮಾಡಿ ಕೇಳಿದರು. ಮುದುಕಿ ಚಪ್ಪಲಿ ನೋಡಿ, ನನ್ನನ್ನು ನೋಡಿ, ಇಲ್ಲವೆಂದು ತಲೆಯಾಡಿಸಿದಳು.

"ಅವಳೇ ಸರಿಸಿರ್ತಾಳೆ ಬಿಡು. ಅದಕ್ಯಾಕೆ ಅಳ್ತೀಯ?" ಅಂದರು ಗಿರಿಜಕ್ಕ. ಅಳುತ್ತಿದ್ದೆನೆಂದು ನನಗೆ ತಿಳಿದದ್ದು ಆಗಲೇ.

ಇರಬಹುದು, ಅವಳೇ ಇಟ್ಟಿರಬಹುದು. ಪರೀಕ್ಷೆ ಮಾಡದೆ ಒಪ್ಪುವವಳು ನಾನಲ್ಲ. ಮರುದಿನ ಅದೇ ಹೊತ್ತಿಗೆ ಒಬ್ಬಳೇ ಹೋಗಿ, ಅದೇ ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಕೂತೆ. ಅದೇ ಮುದುಕಿ ಅಲ್ಲೇ ಇದ್ದಳು. ಹೊರಗೆ ಬಂದಾಗ ಚಪ್ಪಲಿ ಬಿಟ್ಟಂತೆಯೇ ಇದ್ದವು.

ಈಗಲೂ ಮನೆಗೆ ಬಂದಾಗ ಚಪ್ಪಲಿಯನ್ನು ಒಳಗೆ ಮುಖ ಮಾಡಿಯೇ ಬಿಡುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆದೊಡನೆ ಮೊದಲು ಕೆಳಗೆ ನೋಡುತ್ತೇನೆ. ಮತ್ತೊಮ್ಮೆ ಹಾಗಾಗಿಲ್ಲ. ಅವತ್ತು ತಿರುಗಿಸಿಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ಲಿಸ್ಬನ್ನಿನ ಆ ಮೆಟ್ಟಿಲಲ್ಲಿ ಅವಕ್ಕೆ ಕಾಲಿಟ್ಟಾಗ ಮಾತ್ರ, ಕಾಲೇಜಿನ ಬಸ್ಸಿಗೆ ಓಡುತ್ತಿದ್ದ ದಿನಗಳಂತೆ, ಬಗ್ಗಿ ನೋಡದೆಯೇ ಎರಡೂ ಸಲೀಸಾಗಿ ಕಾಲಿಗೆ ಸೇರಿದ್ದವು.