ರೈಟಮ್ಮನ ಒಂದು ಲಾರಿ ಚಕ್ಕೆ

ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತು ‘ರೈಟ್ ರೈಟ್’ ಎಂದು ಅವಳು ಕೂಗಿದರೆ ಮುಂದಿನ ನಿಲ್ದಾಣದಲ್ಲಿ ಕಾಯುತ್ತಿದ್ದವರು ಚೀಲ ಎತ್ತಿಕೊಳ್ಳುತ್ತಿದ್ದರಂತೆ. ಸುಳ್ಳಿರಬಹುದು, ಆದರೆ ಡಿಪೋದಲ್ಲಿ ಅದನ್ನು ಅಲ್ಲಗಳೆದವರು ಯಾರೂ ಇಲ್ಲ. ಹೀಗಾಗಿ ಅವಳು ಎಲ್ಲರ ಬಾಯಲ್ಲೂ ರೈಟಮ್ಮ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದ ಪುಣ್ಯಾತ್ಮ ಇವಳ ಬಸ್ಸು ಹತ್ತಿರಲಿಲ್ಲ. ಇವಳು ಮಾತೂ ಬಲ್ಲಳು, ಜಗಳವನ್ನೂ ಬಲ್ಲಳು.

ಅರ್ಧ ಆಯುಷ್ಯ ಕಂಡಕ್ಟರಾಗಿ ಕಳೆದ ಮೇಲೆ ಒಂದು ದಿನ ಡ್ರೈವರು ಗಕ್ಕನೆ ಬ್ರೇಕು ಹಾಕಿದ. ಅವಳು ಮೆಟ್ಟಿಲ ಮೇಲೆ ಮಂಡಿಯೂರಿ ಬಿದ್ದಳು, ಮಂಡಿಚಿಪ್ಪು ಒಡೆಯಿತು. ಇನ್ನು ನಿಂತು ಮಾಡುವ ಕೆಲಸ ಕೂಡದು ಎಂದು ಡಾಕ್ಟರು ಬರೆದುಕೊಟ್ಟರು. ಡಿಪೋದವರು ಅವಳಿಗೆ ‘ಲೈಟ್ ಡ್ಯೂಟಿ’ ಕೊಟ್ಟು, ವರ್ಕ್‌ಶಾಪಿನ ಗೋಡೆಗೂ ಡೀಸೆಲ್ ಬಂಕಿಗೂ ನಡುವೆ ಇದ್ದ ಗಿಡದ ಪಾತಿಗಳನ್ನು ನೋಡಿಕೊಳ್ಳಲು ಹೇಳಿದರು. ಗಿಡದ ಗಂಧಗಾಳಿ ಅವಳಿಗಿರಲಿಲ್ಲ. ಮನೆಯಲ್ಲಿ ಕುಂಡದಲ್ಲಿಟ್ಟ ತುಳಸಿಯನ್ನೂ ಒಣಗಿಸಿದವಳು ಅವಳು.

ಆದರೆ ಆ ಪಾತಿಗಳ ಬೆಲೆ ಅವಳಿಗೆ ಗೊತ್ತಿತ್ತು. ಡಿಪೋದಲ್ಲಿ ಹೆಂಗಸರ ವಿಶ್ರಾಂತಿ ಕೋಣೆ ಅಂತ ಒಂದಿದೆ. ತಗಡಿನ ಮಾಡು, ಒಂದೇ ಕಿಟಕಿ, ತಿರುಗುವುದಕ್ಕಿಂತ ಹೆಚ್ಚು ಸದ್ದು ಮಾಡುವ ಫ್ಯಾನು. ಬೇಸಿಗೆಯಲ್ಲಿ ಅದರೊಳಗೆ ಕೂತರೆ ಮನುಷ್ಯರು ಬೇಯುತ್ತಾರೆ. ಅದಕ್ಕೇ ಎರಡು ಟ್ರಿಪ್ಪುಗಳ ನಡುವೆ ಬಿಡುವು ಸಿಕ್ಕ ಹೆಂಗಸರೆಲ್ಲ ಪಾತಿಯ ಕಟ್ಟೆಯ ಮೇಲೆ, ಬೇವಿನ ಮರಗಳು ಮತ್ತು ದಾಸವಾಳದ ಪೊದೆಗಳ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಕಾಲು ಚಾಚುತ್ತಿದ್ದರು, ಅತ್ತೆಯರ ಮೇಲಿನ ಸಿಟ್ಟನ್ನು ಹಗುರ ಮಾಡಿಕೊಳ್ಳುತ್ತಿದ್ದರು. ಇಡೀ ಡಿಪೋದಲ್ಲಿ ಅವರದು ಅಂತ ಇದ್ದದ್ದು ಅಷ್ಟೇ ಜಾಗ.

ಹಿಂದಿನ ಬೇಸಿಗೆಯಲ್ಲಿ ಅರ್ಧ ಗಿಡಗಳು ಸುಟ್ಟುಹೋಗಿದ್ದವು. ಕೊಳವೆಬಾವಿಯ ನೀರು ಬಸ್ಸು ತೊಳೆಯಲಿಕ್ಕೇ ಸಾಲದು, ಪಾತಿಗೆ ಬರುತ್ತಿದ್ದದ್ದು ಬೆಳಗಿನ ಸ್ವಲ್ಪ ಹೊತ್ತು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಮಣ್ಣು ಬಿರುಕು ಬಿಡುತ್ತಿತ್ತು. ಮ್ಯಾನೇಜರು ಕೆಟ್ಟವರೇನಲ್ಲ, ಆದರೆ ಬಸ್ಸು ನಿಲ್ಲಿಸಲು ಜಾಗವಿಲ್ಲದ ಡಿಪೋ ನಡೆಸುವವನ ಕಣ್ಣಿಗೆ ಒಣಗಿದ ಪಾತಿ ಪಾತಿಯಾಗಿ ಕಾಣುವುದಿಲ್ಲ.

“ಅಮ್ಮಾ, ಇದನ್ನ ಕಾಂಕ್ರೀಟ್ ಮಾಡಿಸಿಬಿಡೋಣ,” ಅಂದರು. “ಎರಡು ಬಸ್ಸಾದ್ರೂ ನಿಲ್ಲುತ್ತೆ.”

“ಹೆಂಗಸ್ರು ಎಲ್ಲಿ ನಿಲ್ಲಬೇಕು ಸಾರ್? ಬಸ್ಸಿನ ಮೇಲಾ?”

“ರೂಮ್ ಇದೆಯಲ್ಲ.”

“ಒಂದು ಮಧ್ಯಾಹ್ನ ನೀವು ಅಲ್ಲಿ ಊಟ ಮಾಡಿ ಬನ್ನಿ, ಆಮೇಲೆ ಮಾತಾಡೋಣ.”

ಸುತ್ತ ನಿಂತವರು ನಕ್ಕರು. ಮ್ಯಾನೇಜರಿಗೆ ನಗು ಬರಲಿಲ್ಲ. “ಸರಿ, ಮೊದಲ ಮಳೆ ಬೀಳೋ ತನಕ ಟೈಮು. ಅಷ್ಟರಲ್ಲಿ ಗಿಡ ಉಳಿಸಿ ತೋರಿಸಿ. ಇಲ್ಲದಿದ್ರೆ ಕಾಂಕ್ರೀಟು,” ಎಂದು ಹೇಳಿ ಹೋದರು.

ನೀರು ಹೆಚ್ಚು ಸಿಗುವಂತಿಲ್ಲ, ಹಾಗಾದರೆ ಕೊಟ್ಟ ನೀರು ಮಣ್ಣಿನಲ್ಲೇ ನಿಲ್ಲಬೇಕು. ಅದಕ್ಕೆ ಮಣ್ಣಿನ ಮೇಲೆ ಏನಾದರೂ ಹೊದಿಸಬೇಕು ಎಂಬಷ್ಟನ್ನು ಅವಳು ಅವರಿವರನ್ನು ಕೇಳಿ ತಿಳಿದುಕೊಂಡಳು. ಏನು ಹೊದಿಸಬೇಕು ಎಂಬಲ್ಲಿ ರಾಮಾಯಣ ಶುರುವಾಯಿತು. ಒಣ ಎಲೆ ಹರಡಿದಳು. ಬಸ್ಸುಗಳು ಹಿಮ್ಮುಖವಾಗಿ ಬರುವಾಗ ಎದ್ದ ಗಾಳಿಗೆ ಅದೆಲ್ಲ ಡೀಸೆಲ್ ಬಂಕಿನ ಕಡೆ ಹಾರಿ, ಬಂಕಿನವನು ಬೆಂಕಿಯ ಭಯಕ್ಕೆ ಕಿರುಚಾಡಿದ. ಮರದ ಹೊಟ್ಟು ಹಾಕಿ ನೋಡಿದಳು. ಅದು ನೀರು ಕಂಡ ಎರಡನೇ ದಿನಕ್ಕೆ ಹಪ್ಪಳದ ಹಾಗೆ ಗಟ್ಟಿಯಾಗಿ, ಸುರಿದ ನೀರೆಲ್ಲ ಕಟ್ಟೆ ದಾಟಿ ಹೊರಗೆ ಹರಿಯಿತು.

ಆಗ ಕಚೇರಿಯವರು ಬಿಳಿ ನುಣುಪುಗಲ್ಲು ತರಿಸೋಣ ಎಂದರು. ನೋಡಲು ಚೆಂದ, ಹಾರುವುದಿಲ್ಲ, ಕೊಳೆಯುವುದಿಲ್ಲ. ಅದಕ್ಕೆ ಮಂಜೂರಾತಿಯೂ ಸಿಕ್ಕಿತ್ತು, ಒಂದು ಮೂಲೆಯಲ್ಲಿ ಮಾದರಿಗೆಂದು ಹರಡಿಯೂ ಆಗಿತ್ತು. ರೈಟಮ್ಮ ನಡುಮಧ್ಯಾಹ್ನ ಮ್ಯಾನೇಜರನ್ನು ಕರೆದುಕೊಂಡು ಬಂದು, ಚಪ್ಪಲಿ ಬಿಟ್ಟು, ಆ ಕಲ್ಲಿನ ಮೇಲೆ ಹತ್ತಿ ನಿಂತಳು.

“ಈ ಬಿಸಿ ಬೇರಿಗೆ ಇಳಿದ್ರೆ ಗಿಡದ ಗತಿ ಏನು ಹೇಳಿ ಸಾರ್.”

“ಇಳೀರಮ್ಮ, ಕಾಲು ಸುಡುತ್ತೆ.”

“ಬೇರೆ ಹೊದಿಕೆ ತರಿಸ್ತೀನಿ ಅನ್ನಿ, ಇಳೀತೀನಿ.”

ಅವಳ ಮುಖ ಬೆವರಿನಲ್ಲಿ ತೊಯ್ದಿತ್ತು, ತುಟಿ ಬಿಗಿದಿತ್ತು. ಮ್ಯಾನೇಜರು ಸೋತದ್ದು ವಾದಕ್ಕಲ್ಲ, ಹೆದರಿಕೆಗೆ. ಇವಳು ಇಲ್ಲೇ ಬಿದ್ದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ಅವರು ತಾನೇ? “ಆಯ್ತು, ಏನು ಬೇಕೋ ತರಿಸ್ಕೊಳ್ಳಿ, ಇಳೀರಿ ಮೊದಲು!” ಎಂದರು. ಅಂಗಾಲಿನ ಬೊಬ್ಬೆ ಇಳಿಯಲು ವಾರ ಹಿಡಿಯಿತು. ಅವಳ ಗಂಡ ಟೈಲರು. ಹೊಲಿಗೆ ಯಂತ್ರದ ಮುಂದೆ ಕೂತೇ, ಮುಲಾಮು ಹಚ್ಚಿಕೊಳ್ಳುತ್ತಿದ್ದ ಹೆಂಡತಿಯನ್ನು ಕನ್ನಡಕದ ಮೇಲಿಂದ ನೋಡಿದ.

“ಕಲ್ಲು ಬಿಸಿ ಇದೆ ಅನ್ನೋದನ್ನ ಬಾಯಲ್ಲಿ ಹೇಳಿದ್ರೆ ಸಾಕಿತ್ತಲ್ಲೇ?”

“ಬಾಯಲ್ಲಿ ಹೇಳಿದ್ದನ್ನ ಯಾರು ಕೇಳ್ತಾರೆ ರೀ?”

“ನಾನು ಕೇಳ್ತಾ ಇಲ್ವಾ, ಮದುವೆಯಾದ ದಿನದಿಂದ?”

ಮರುವಾರ, ಹಾರದ, ಗಟ್ಟಿಯಾಗದ, ಕಾಯದ ಹೊದಿಕೆ ಹುಡುಕಿಕೊಂಡು ಅವನ ಸ್ಕೂಟರಿನ ಹಿಂದೆ ಕೂತು ಊರಾಚೆಯ ಕಟ್ಟಿಗೆ ಮಿಲ್ಲಿಗೆ ಹೋದಳು. ಅಲ್ಲಿ ಕೊಂಬೆಗಳನ್ನು ಯಂತ್ರಕ್ಕೆ ಕೊಟ್ಟು ಚಕ್ಕೆ ಮಾಡುತ್ತಾರೆ. ಮಿಲ್ಲಿನವನು ರಸ್ತೆ ಬದಿಯ ರಾಶಿ ತೋರಿಸಿದ. ಹೊಂಬಣ್ಣ, ನಿನ್ನೆ ಮೊನ್ನೆ ಕತ್ತರಿಸಿದ್ದು. ರೈಟಮ್ಮ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದಳು. ಒಳಗೆ ಒಲೆಯಂತೆ ಕಾವು, ಹುಳಿ ವಾಸನೆ. ಇಂಥದ್ದನ್ನು ಹಾಕಿದರೆ ಗಿಡ ಬೇಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಮೂಗು ಹೇಳಿತು. ಹಿತ್ತಿಲಿನಲ್ಲಿ ವರ್ಷದ ಹಿಂದಿನ ಇನ್ನೊಂದು ರಾಶಿ ಮಳೆಗಾಳಿಗೆ ಬೂದುಬಣ್ಣಕ್ಕೆ ತಿರುಗಿ ಬಿದ್ದಿತ್ತು. ಹೆಬ್ಬೆರಳಿನಷ್ಟು ದೊಡ್ಡ ಚಕ್ಕೆ, ನಡುನಡುವೆ ತೊಗಟೆ, ಕೈಯಿಟ್ಟರೆ ತಂಪು, ಮೂಗಿಗೆ ಮಣ್ಣಿನ ವಾಸನೆ.

“ಇದು ಹಳೇದಮ್ಮ, ಯಾರೂ ತಗೊಳ್ಳಲ್ಲ,” ಅಂದ ಮಿಲ್ಲಿನವನು.

“ನಾನೂ ಹಳೇಳೇ. ಇದೇ ಬೇಕು. ತೂಕದ ಲೆಕ್ಕ ಬೇಡ, ನೀರು ಹಾಕಿ ಭಾರ ಮಾಡ್ತೀರ. ಒಂದು ಲಾರಿ ಭರ್ತಿ ತುಂಬಿ ಕಳಿಸಿ.”

ಲಾರಿ ಬಂತು. ಮೇಲೆ ಬೂದು ಚಕ್ಕೆ, ಕೆಳಗೆ ಹೊಂಬಣ್ಣದ್ದು! ಡ್ರೈವರು ತೊಟ್ಟಿ ಎತ್ತಿದ್ದೇ ತಡ, ಹುಳಿ ವಾಸನೆ ಬಂಕಿನವರೆಗೂ ಹಬ್ಬಿತು. “ಹೋಲ್ಡಾನ್!” ಎಂದು ಅವಳು ಕೂಗಿದ ರಭಸಕ್ಕೆ ಅಂಗಳದಲ್ಲಿ ಹೊರಡಲಿದ್ದ ಮೂರು ಬಸ್ಸುಗಳೂ ನಿಂತವು. ಸುರಿದ ಒಂದಿಷ್ಟನ್ನೂ ತುಂಬಿಸಿ ವಾಪಸು ಕಳಿಸಿದಳು. ಮಿಲ್ಲಿನವನು ಫೋನಿನಲ್ಲಿ ಹಾರಾಡಿದ. ಇವಳು ಫೋನನ್ನು ಕಿವಿಯಿಂದ ದೂರ ಹಿಡಿದು, ಅವನಿಗೆ ಉಸಿರು ಮುಗಿದ ಮೇಲೆ, “ಆಯ್ತಾ? ಈಗ ಹಿಂದಿನ ರಾಶಿ ಕಳಿಸಿ,” ಅಂದಳು. ಮರುದಿನ ಬಂದದ್ದು ತಳದವರೆಗೂ ಬೂದು.

ಪಾಳಿ ಮುಗಿಸಿದ ಹೆಂಗಸರು ಬುಟ್ಟಿ, ತಗಡು, ಕೊನೆಗೆ ಮುರಿದ ಸೀಟಿನ ಹಲಗೆಗಳನ್ನೂ ತಂದು ಚಕ್ಕೆ ಹರಡಿದರು. ಇಲ್ಲೇ ನಮ್ಮ ರೈಟಮ್ಮ ಎಡವಿದ್ದು. ಜೀವಮಾನವಿಡೀ ಜನರನ್ನು ಬಸ್ಸಿನೊಳಗೆ ತುಂಬಿದವಳಿಗೆ ಖಾಲಿ ಜಾಗ ಕಂಡರೆ ಮೈ ಉರಿಯುತ್ತಿತ್ತು. ನಾಲ್ಕು ಬೆರಳು ದಪ್ಪ ಸಾಕು ಎಂದು ತಾನೇ ಹೇಳಿದ್ದನ್ನು ಮರೆತು, “ಒಳಗೆ ತಳ್ಳಿ, ಇನ್ನೂ ಜಾಗ ಇದೆ, ಒತ್ತಿ ಒತ್ತಿ!” ಎಂದು ಪ್ರತಿ ಗಿಡದ ಕಾಂಡಕ್ಕೂ ಮೊಣಕಾಲೆತ್ತರ ಚಕ್ಕೆ ಪೇರಿಸಿ, ಕೈಯಲ್ಲಿ ತಟ್ಟಿ ಬಿಗಿ ಮಾಡಿಸಿದಳು.

ಮೊದಮೊದಲು ಗೆಲುವೋ ಗೆಲುವು. ಚಕ್ಕೆ ಸರಿಸಿ ನೋಡಿದರೆ ಸಂಜೆಗೂ ಮಣ್ಣು ಹಸಿ. ಅವಳು ಬಂದವರಿಗೆಲ್ಲ ಕರೆದು ತೋರಿಸಿದಳು. ಬಿಸಿಲು ಏರಿದಂತೆ ಮಾತ್ರ ದಾಸವಾಳದ ಎಲೆ ಹಳದಿಯಾಗತೊಡಗಿತು. ಎಳೆ ಬೇವು ಬೋಳಾಗುತ್ತ ಬಂತು. ನೀರು ಸಾಲದೇನೋ ಎಂದು ತನ್ನ ಕುಡಿಯುವ ನೀರನ್ನೂ ಸುರಿದಳು, ಇನ್ನಷ್ಟು ಹಳದಿಯಾಯಿತು. ಮನೆಯಲ್ಲಿ ಅನ್ನ ಸೇರಲಿಲ್ಲ. ಅವಳು ಜಗಳವಾಡದೆ ಎರಡು ದಿನ ಕಳೆದದ್ದನ್ನು ಕಂಡು ಗಂಡನಿಗೆ ದಿಗಿಲಾಯಿತು. ಅರ್ಧ ಹೊಲಿದ ಅಂಗಿ ಬಿಟ್ಟು ಬುತ್ತಿ ಹಿಡಿದುಕೊಂಡು ಡಿಪೋಗೆ ಬಂದ.

ಬಂದವನು ಪಾತಿಯ ಬಳಿ ಕುಕ್ಕರುಗಾಲಿನಲ್ಲಿ ಕೂತು ಒಂದು ದಾಸವಾಳದ ಬುಡದ ಚಕ್ಕೆ ಸರಿಸಿದ. ಒಳಗೆ ಕಾಂಡ ಬೆವರಿದ ಹಾಗೆ ಒದ್ದೆ. ಬೆರಳಿನಿಂದ ಒತ್ತಿದರೆ ಸಿಪ್ಪೆ ಮೆತ್ತಗೆ ಕಳಚಿ ಬಂತು.

“ಕತ್ತಿನ ಹತ್ರ ಇಷ್ಟು ಬಿಗಿ ಮಾಡಿದ್ರೆ ಯಾವ ಜೀವ ತಡೆಯುತ್ತೆ ಕಣೇ? ನಾನು ಎಷ್ಟು ಚೆನ್ನಾಗಿ ಹೊಲಿದ್ರೂ ಕಾಲರಿನಲ್ಲಿ ಬೆರಳಾಡೋಷ್ಟು ಜಾಗ ಬಿಡ್ತೀನಿ.”

“ಬಟ್ಟೆ ಹೊಲಿಯೋರು ಗಿಡದ ವಿಷಯಕ್ಕೆ ಬರಬೇಡಿ.”

“ಟಿಕೆಟ್ ಹರಿಯೋರು ಬರಬಹುದಾ?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವಳು ಅವಳು. ಆದರೆ ಗಂಡ ಹೋದ ಮೇಲೆ ನೋಯುವ ಮಂಡಿಯನ್ನು ಚಾಚಿಕೊಂಡು, ಕುಂಡಿ ಸರಿಸುತ್ತ ಸರಿಸುತ್ತ ಒಂದೊಂದೇ ಗಿಡದ ಬುಡ ಬಿಡಿಸಿದಳು. ಪ್ರತಿ ಕಾಂಡದ ಸುತ್ತ ಒಂದು ಗೇಣು ಬರಿಯ ಮಣ್ಣು ಬಿಟ್ಟಳು. ಜೀವಗಳನ್ನು ತಾನೇ ಉಸಿರುಗಟ್ಟಿಸಿದ್ದೆ ಎಂದು ಅರಿವಾದಾಗ ಅಳು ಬಂತು. ಅತ್ತಳು ಕೂಡ, ಡೀಸೆಲ್ ಹೊಗೆಯ ಮೇಲೆ ತಪ್ಪು ಹಾಕಿ.

ಬೇವುಗಳು ಚಿಗುರಿದವು. ಸಾಲಿನ ಕೊನೆಯ ದಾಸವಾಳಗಳು ಮಾತ್ರ ಉಳಿಯಲಿಲ್ಲ. ಸತ್ತ ಗಿಡಗಳನ್ನು ತಾನೇ ಕಿತ್ತು, ಹೆಗಲ ಮೇಲೆ ಹಾಕಿಕೊಂಡು ಮ್ಯಾನೇಜರ ಕೋಣೆಗೆ ಹೋದಳು.

“ತಪ್ಪು ನಂದು ಸಾರ್. ಚಕ್ಕೇದಲ್ಲ, ಗಿಡದ್ದಲ್ಲ. ಬುಡಕ್ಕೆ ಒತ್ತಬಾರದಿತ್ತು, ಒತ್ತಿದೆ. ಬೇಕಾದ್ರೆ ನನಗೆ ಮೆಮೋ ಕೊಡಿ.”

ಅವರು ನಿಟ್ಟುಸಿರುಬಿಟ್ಟರು. “ಸಾಕಮ್ಮ, ನೀವು ಪ್ರಯತ್ನ ಪಟ್ರಿ. ವರ್ಕ್‌ಶಾಪ್ ನೆಲಕ್ಕೆ ನಾಳಿದ್ದು ಕಾಂಕ್ರೀಟ್ ಬರುತ್ತೆ. ಮಿಕ್ಕಿದ್ದನ್ನ ಈ ಪಾತಿಗೆ ಹಾಕಿಸಿಬಿಡ್ತೀನಿ.”

“ಮಳೆ ಬೀಳೋ ತನಕ ಅಂದಿದ್ರಿ.”

“ಅಂದಿದ್ದೆ. ಆದ್ರೆ ನೋಡಿದ್ರಲ್ಲ.”

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ಅಲ್ಲ ಅವಳದು. ಬಿದ್ದೆ ಎಂದು ಆಗಲೇ ಒಪ್ಪಿಕೊಂಡಿದ್ದಳು. ಬಿದ್ದಲ್ಲಿಂದ ಕದಲುವುದಿಲ್ಲ ಅನ್ನುವ ಜಾತಿ. ಆ ದಿನ ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಕಟ್ಟೆಯ ಮೇಲೆ ಕೂತವರಿಗೆಲ್ಲ ಒಂದು ಮಾತು ಹೇಳಿದಳು.

ಮೂರನೇ ದಿನ ಮಧ್ಯಾಹ್ನ ಕಾಂಕ್ರೀಟಿನ ಲಾರಿ ವರ್ಕ್‌ಶಾಪಿನ ನೆಲ ಮುಗಿಸಿ, ಹೊಟ್ಟೆ ತಿರುಗಿಸುತ್ತ ಪಾತಿಯ ಕಡೆ ಬಂತು. ದಾಸವಾಳ ಸತ್ತು ತೆರವಾದ ಜಾಗದಲ್ಲಿ ರೈಟಮ್ಮ ಚಕ್ಕೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದ ತೆರವಿನಲ್ಲಿ ಬೆಳಗಿನ ಪಾಳಿ ಮುಗಿಸಿದ ಕಂಡಕ್ಟರೊಬ್ಬಳು. ಅದರಾಚೆ, ಗಿಡಗಳ ನಡುನಡುವೆ, ಬುಡದಿಂದ ಒಂದು ಗೇಣು ಬಿಟ್ಟು, ಟಿಕೆಟ್ ಚೀಲ ಮಡಿಲಲ್ಲಿಟ್ಟುಕೊಂಡು ಸಾಲಾಗಿ ಹೆಂಗಸರು. ಕೆಲವರು ಬುತ್ತಿ ಬಿಚ್ಚಿದ್ದರು. ಯಾರೂ ಘೋಷಣೆ ಕೂಗಲಿಲ್ಲ. ಒಬ್ಬಳಂತೂ ನಿದ್ದೆಯೇ ಹೋಗಿದ್ದಳು.

“ಏಳೀರಮ್ಮ,” ಅಂದರು ಮ್ಯಾನೇಜರು.

“ಊಟದ ಬಿಡುವು ಸಾರ್. ನಮ್ಮ ಬಿಡುವಲ್ಲಿ ನಮ್ಮ ಜಾಗದಲ್ಲಿ ಕೂತಿದ್ದೀವಿ.”

“ಗಿಡ ಸತ್ತಿದೆ ಅಂತ ನೀವೇ ಹೇಳಿದ್ರಿ.”

“ಸತ್ತದ್ದನ್ನ ಹೇಳಿದೆ. ಉಳಿದದ್ದು ನಿಮ್ಮ ತಲೆ ಮೇಲೇ ಇದೆ, ನೋಡಿ.”

ಅವರು ತಲೆಯೆತ್ತಿದರು. ಬಿಸಿಲು ತಡೆಯದೆ ಅವರು ಬಂದು ನಿಂತಿದ್ದು ಬೇವಿನ ಕೆಳಗೇ. ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು.

“ಸಾರ್, ಬೇಗ ಹೇಳಿ, ಒಳಗೆ ಗಟ್ಟಿಯಾಗುತ್ತೆ,” ಎಂದ ಲಾರಿಯವನು.

“ಮಾತು ಕೊಟ್ಟೋರು ನೀವು,” ಅಂದಳು ರೈಟಮ್ಮ. ಅವಳ ದನಿ ಎಂದೂ ಇಲ್ಲದಷ್ಟು ತಗ್ಗಿತ್ತು. “ಮಳೆ ಬಿದ್ದಿದೆಯಾ?”

ಮ್ಯಾನೇಜರು ಆಕಾಶವನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಗೇಟಿನ ಬಳಿ ಬಸ್ಸುಗಳ ಸೊಂಟ ಮುರಿಯುತ್ತಿದ್ದ ಗುಂಡಿಯ ಕಡೆ ಕೈ ತೋರಿಸಿ, “ಅಲ್ಲಿ ಸುರಿ ಹೋಗು,” ಎಂದರು. ಲಾರಿ ತಿರುಗಿತು. ಹೋಗುವ ಮುನ್ನ ಅವರು ಒಮ್ಮೆ ನಿಂತರು.

“ನಾಳೆ ಇನ್ನೊಂದು ಲಾರಿ ತರಿಸಿದ್ರೆ ಏನು ಮಾಡ್ತೀರಿ?”

“ನಾಳೆ ನನಗೆ ವಾರದ ರಜೆ ಸಾರ್. ಬೆಳಗಿನಿಂದಲೇ ಬಂದು ಕೂತಿರ್ತೀನಿ.”

ಮರುದಿನ ಲಾರಿ ಬರಲಿಲ್ಲ. ಅವಳು ಬಂದಳು.