ಹದಿನೈದಕ್ಕೆ ಮೂರು

ಪುಷ್ಪಾ ಪಿರಿಯಾಪಟ್ಟಣದ 'ಒತ್ತಾಸೆ' ಸಂಸ್ಥೆಗೆ ಸೇರಿ ಹದಿನೇಳು ವರ್ಷವಾಗಿತ್ತು. ಬುದ್ಧಿ ಸ್ವಾಧೀನ ತಪ್ಪಿದವರ ಮನೆಗಳಿಗೆ ಹೋಗಿಬರುವುದು, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಅವಳ ಕೆಲಸ. ಓದಿದ್ದು ಪಿಯುಸಿ. ಊರು ಬೆಟ್ಟದಪುರ. ಗಂಡ ಗಂಗಾಧರಪ್ಪ ಅಲ್ಲೇ ದಿನಸಿ ಅಂಗಡಿ ಇಟ್ಟುಕೊಂಡಿದ್ದ. ಹೆಂಡತಿಯ ಕೆಲಸ ಏನೆಂದು ಗಿರಾಕಿಗಳು ಕೇಳಿದರೆ, "ಊರೂರು ತಿರುಗೋದು" ಅಂದುಬಿಡುತ್ತಿದ್ದ. ಈ ಹದಿನೇಳು ವರ್ಷದಲ್ಲಿ ಪುಷ್ಪಾ ಕೇಳಿದ ವಿವರಣೆಗಳಲ್ಲಿ ಅದೇ ಎಷ್ಟೋ ಸರಿಯಾಗಿತ್ತು.

ಮಿಕ್ಕ ವಿವರಣೆಗಳೆಲ್ಲ ತರಬೇತಿಗಳಲ್ಲಿ ಕೇಳಿದವು. ವರ್ಷಕ್ಕೆ ನಾಲ್ಕು ತರಬೇತಿ. ಬೆಂಗಳೂರಿನಿಂದ ಬಂದವರು ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸಿ, ಎಲ್ಲರನ್ನೂ ದುಂಡಗೆ ಕೂರಿಸಿ, ಕಣ್ಣು ಮುಚ್ಚಿಸಿ, "ನಿಮ್ಮೊಳಗಿನ ನೋವನ್ನ ಮುಟ್ಟಿ" ಅನ್ನುತ್ತಿದ್ದರು. ಪುಷ್ಪಾ ಕಣ್ಣು ಮುಚ್ಚಿಕೊಂಡು, ಊಟಕ್ಕೆ ಇವತ್ತಾದರೂ ಮುದ್ದೆ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಆ ಸಂಜೆಯೇ ಅವರು ಕಾರು ಹತ್ತಿ ಹೊರಟುಬಿಡುತ್ತಿದ್ದರು. ಒಬ್ಬ ರೋಗಿಯ ಮನೆಯ ಹೊಸಿಲನ್ನೂ ಅವರು ತುಳಿದದ್ದನ್ನು ಅವಳು ಕಂಡಿರಲಿಲ್ಲ.

ಸಂಸ್ಥೆಯ ನಿರ್ದೇಶಕ ನಂಜುಂಡೇಶ್ ಎಂ.ಎಸ್.ಡಬ್ಲ್ಯೂ. ಓದಿದವನು. ಪುಷ್ಪಾಗಿಂತ ಆರು ವರ್ಷ ಚಿಕ್ಕವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರೊಳಗೆ ಒಬ್ಬನೇ ಕಾಲಿಡಲು ಹೆದರಿ, ಇವಳನ್ನು ಬೈಕಿನ ಹಿಂದೆ ಕೂರಿಸಿಕೊಂಡೇ ಹೋಗುತ್ತಿದ್ದ. ಆಮೇಲೆ ಊರೊಳಗೆ ಹೋಗುವುದನ್ನೇ ಬಿಟ್ಟ. ನಿರ್ದೇಶಕನಾದ.

ಒಂದು ದಿನ ಅವನೇ ಅವಳನ್ನು ಕರೆದು ಹೇಳಿದ.

"ಪುಷ್ಪಾ, ಬರೋ ವರ್ಷದಿಂದ ಫೀಲ್ಡಲ್ಲಿರೋರಿಗೆಲ್ಲ ಸಮಾಜಕಾರ್ಯದ ಡಿಗ್ರಿ ಇರಲೇಬೇಕಂತೆ. ದಾನಿಗಳು ಹೇಳಿದಾರೆ. ನಮ್ಮಲ್ಲೂ ಪ್ರೊಫೆಷನಲಿಸಂ ಬರಬೇಕು."

"ಇಷ್ಟು ದಿನ ಏನಿತ್ತು ಸಾರ್?"

"ಸೇವಾಭಾವ ಇತ್ತು. ಅದು ಸಾಲದು."

ಕೆಲಸ ಬಿಡುವ ಹಾಗಿರಲಿಲ್ಲ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಪುಷ್ಪಾ ಅಂಚೆ ಶಿಕ್ಷಣದಲ್ಲಿ ಬಿ.ಎಸ್.ಡಬ್ಲ್ಯೂ.ಗೆ ಸೇರಿದಳು. ಓದು ಮುಗಿಯುವವರೆಗೆ ಗಡುವು ಮುಂದೆ ಹಾಕಿಸಿಕೊಡುತ್ತೇನೆಂದು ನಂಜುಂಡೇಶ್ ದೊಡ್ಡ ಉಪಕಾರದ ದನಿಯಲ್ಲಿ ಹೇಳಿದ. ಅವಳು ಬಸ್ಸಿನಲ್ಲಿ ಓದಿದಳು, ಅಂಗಡಿಯಲ್ಲಿ ಕೂತು ಓದಿದಳು. ಬೇರೆ ವಿಷಯಗಳಿಗೆ ಹೆದರಿದ್ದಳು, ಅವೆಲ್ಲ ಪಾಸಾದವು. ಕೊನೆಯ ವರ್ಷದ ಕ್ಷೇತ್ರಕಾರ್ಯದ ಪತ್ರಿಕೆಗೆ ಮಾತ್ರ ಹೆದರಲಿಲ್ಲ.

ಆ ಪತ್ರಿಕೆಯಲ್ಲಿ ಹದಿನೈದು ಅಂಕದ ಪ್ರಶ್ನೆ ಹೀಗಿತ್ತು: 'ಗೃಹಭೇಟಿಯ ಹಂತಗಳನ್ನು ಉದಾಹರಣೆಯೊಂದಿಗೆ ವಿವರಿಸಿ.'

ಪುಷ್ಪಾಗೆ ನಗು ಬಂತು. ಹಿಂದೆ ತಾನು ನೋಡಿಕೊಂಡಿದ್ದ ಚಾಮಯ್ಯನ ವಿಷಯ ಬರೆದಳು.

ಚಾಮಯ್ಯ ಇಪ್ಪತ್ತೆಂಟರ ಆಳು. ಕಿವಿಯಲ್ಲಿ ಯಾರೋ ಮಾತಾಡುತ್ತಾರೆಂದು ಕೂಗಿಕೊಳ್ಳುತ್ತಿದ್ದವನನ್ನು ತಾಯಿ ಚಿಕ್ಕಬೀರಮ್ಮ ಎರಡು ವರ್ಷದಿಂದ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದ್ದಳು. ಪುಷ್ಪಾ ಹೋದಾಗ ಹೊಗೆಸೊಪ್ಪಿನ ಕಾಲ. ಹಿತ್ತಲಲ್ಲಿ ಹೆಂಗಸರು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾ ಕೂತಿದ್ದರು. ಚಿಕ್ಕಬೀರಮ್ಮ ತಲೆಯೆತ್ತದೆ, "ನಮ್ಮ ಹೈದನ್ನ ನೋಡಕ್ಕೆ ಬಂದಿದ್ರೆ ಅಂಗೇ ಓಗವ್ವ" ಅಂದಿದ್ದಳು. "ಇಲ್ಲ ಕಣವ್ವ, ಬಸ್ಸಿಗಿನ್ನೂ ಹೊತ್ತೈತೆ" ಎಂದು ಪುಷ್ಪಾ ಕೂತು ಎಲೆ ಕಟ್ಟತೊಡಗಿದಳು. ಮಗನ ಮಾತೇ ಎತ್ತಲಿಲ್ಲ. ಹೀಗೆ ಮೂರು ಸಲ. ಮೂರನೆಯ ಸಲ ಬೀಗದ ಹಿಂದಿನಿಂದ ಅವನೇ, "ಆ ಯಮ್ಮ ಕಟ್ಟೋದು ಸಡಿಲ, ಬಿದ್ದೋಯ್ತದೆ" ಎಂದು ಕೂಗಿದ. "ಹಂಗಾರೆ ನೀನೇ ಬಂದು ತೋರ್ಸಪ್ಪ" ಅಂದಳು ಪುಷ್ಪಾ. ಚಿಕ್ಕಬೀರಮ್ಮ ಕೈಲಿದ್ದ ಎಲೆ ಕೆಳಗಿಟ್ಟು, ಎದ್ದು ಹೋಗಿ ಬೀಗ ತೆಗೆದಳು. ಮುಂದಿನ ವಾರ ಮೂವರೂ ಮೈಸೂರಿನ ಆಸ್ಪತ್ರೆಗೆ ಬಸ್ಸು ಹತ್ತಿದರು.

ಇಷ್ಟನ್ನೂ ನಾಲ್ಕೂವರೆ ಪುಟ ಬರೆದಳು. ಆ ಪತ್ರಿಕೆಯಲ್ಲೇ ಫೇಲಾದಳು.

ನಂಬಲಾಗದೆ ಉತ್ತರಪತ್ರಿಕೆಯ ನಕಲು ತರಿಸಿಕೊಂಡಳು. ಆ ಉತ್ತರಕ್ಕೆ ಹದಿನೈದಕ್ಕೆ ಮೂರು. 'ಎಲೆ ಕಟ್ಟತೊಡಗಿದೆ' ಎಂಬಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ. 'ಬಸ್ಸಿಗಿನ್ನೂ ಹೊತ್ತಿದೆ' ಎಂಬುದರ ಕೆಳಗೆ ಗೆರೆ, ಪಕ್ಕದಲ್ಲಿ 'ಅಸತ್ಯ ನುಡಿಯಬಾರದು'. ಕೊನೆಯಲ್ಲಿ ಅಡ್ಡಡ್ಡ 'ವಿಷಯಾಂತರ'. ಅವಳಿಗೆ ಅಳು ಬರಲಿಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಒಂದು ದಿನವೂ ಕೂತಿರದ ಯಾವನೋ ಮಹಾನುಭಾವ, ಫ್ಯಾನಿನ ಕೆಳಗೆ ಕಾಫಿ ಕುಡಿಯುತ್ತಾ ಇದನ್ನು ಗೀಚಿದ್ದಾನೆ ಅನ್ನಿಸಿ ಮೈಯೆಲ್ಲ ಉರಿಯಿತು.

"ಗೈಡ್ ಓದಮ್ಮ. ಸ್ವಂತ ಬರೀಬಾರದು," ಎಂದು ಹುಣಸೂರಿನ ಪುಸ್ತಕದಂಗಡಿಯವನು ಬುದ್ಧಿ ಹೇಳಿ, ತೆಳ್ಳನೆಯದೊಂದನ್ನು ಕೈಗಿಟ್ಟ. ಹೆಸರು 'ಕ್ಷೇತ್ರಕಾರ್ಯ ಸುಲಭ ಕೈಪಿಡಿ'. ಬರೆದವರು: ನಂಜುಂಡೇಶ್, ಎಂ.ಎಸ್.ಡಬ್ಲ್ಯೂ.

ಬಸ್ಸಿನಲ್ಲೇ ಬಿಡಿಸಿದಳು. ಗೃಹಭೇಟಿಗೆ ಆರು ಹಂತಗಳಿದ್ದವು. ಕೆಳಗೆ ಉದಾಹರಣೆ: "ಚ. ಎಂಬ ಗ್ರಾಮೀಣ ಯುವಕ. ವಯಸ್ಸು ಇಪ್ಪತ್ತೆಂಟು. ಕಾರ್ಯಕರ್ತರು ಪೂರ್ವನಿಯೋಜಿತ ಸಂದರ್ಶನದ ಮೂಲಕ ಬಾಂಧವ್ಯ ಸ್ಥಾಪಿಸಿ, ತಾಯಿಗೆ ರೋಗದ ಬಗ್ಗೆ ವೈಜ್ಞಾನಿಕ ಮಾಹಿತಿ ನೀಡಿ, ಆಕೆಯ ಮನಃಪರಿವರ್ತನೆ ಮಾಡಿದರು." ಅವಳು ವರ್ಷಗಳ ಹಿಂದೆ ಸಂಸ್ಥೆಗೆ ಬರೆದುಕೊಟ್ಟ ವರದಿ ಅದು. ಎಲೆ ಇರಲಿಲ್ಲ, ಹಿತ್ತಲಿರಲಿಲ್ಲ, ಬೀಗ ತೆಗೆದ ಚಿಕ್ಕಬೀರಮ್ಮನೂ ಇರಲಿಲ್ಲ. ಮನಃಪರಿವರ್ತನೆ ಮಾತ್ರ ಇತ್ತು.

ಮಾರನೆಯ ದಿನ ನೇರವಾಗಿ ಕೇಳಿದಳು. "ಸಾರ್, ಈ ಚ. ಅಂದ್ರೆ ಯಾರು?"

ನಂಜುಂಡೇಶ್ ತಡಬಡಾಯಿಸಲಿಲ್ಲ. "ಓ, ಅದಾ? ನಮ್ಮದೇ ಕೇಸು. ಗೌಪ್ಯತೆಗೆ ಅಂತ ಹೆಸರು ತೆಗ್ದಿದೀನಿ."

"ಅವನ ಹೆಸರು ತೆಗದ್ರಿ, ಸರಿ. ನನ್ನದು?"

"ನಿನಗೂ ಗೌಪ್ಯತೆ ಬೇಡ್ವೇ?" ಅಂದು ತನ್ನ ಮಾತಿಗೆ ತಾನೇ ನಕ್ಕ.

ಪುಷ್ಪಾ ಅವನ ಮುಖವನ್ನೇ ನೋಡಿದಳು. ಜಗಳಕ್ಕೂ ಒಂದು ಯೋಗ್ಯತೆ ಬೇಕು, ಇವನಿಗೆ ಅದೂ ಇಲ್ಲ ಅನ್ನಿಸಿತು. ಎದ್ದು ಬಂದಳು.

ಆ ವರ್ಷ ಅವಳು ತಾನೇ ಮಾಡಿದ ಕೆಲಸದ ಬಗ್ಗೆ ಅವನು ಬರೆದ ಸುಳ್ಳನ್ನು ಉರುಹೊಡೆದಳು. ಈರುಳ್ಳಿ ಹೆಚ್ಚುತ್ತಾ 'ಬಾಂಧವ್ಯ ಸ್ಥಾಪನೆ, ಮಾಹಿತಿ ಸಂಗ್ರಹ, ಸಮಸ್ಯೆಯ ನಿರ್ಧಾರ' ಎಂದು ಅವಳು ಗುನುಗುವುದನ್ನು ಕೇಳಿ ಗಂಗಾಧರಪ್ಪ, "ಯಾವ ದೇವರ ಮಂತ್ರನೇ ಅದು?" ಅಂದ. "ಹೊಟ್ಟೆ ದೇವ್ರುದು ಕಣ್ರೀ," ಅಂದಳು. ಪ್ರಶ್ನೆ ಮತ್ತೆ ಬಂತು. ಈ ಸಲ ಹನ್ನೆರಡು ಅಂಕ ಸಿಕ್ಕಿತು.

ಸಂಸ್ಥೆಯಲ್ಲಿ ಸನ್ಮಾನ ನಡೆಯಿತು. ನಂಜುಂಡೇಶ್ ಶಾಲು ಹೊದಿಸಿ, "ಕಲಿಕೆಗೆ ವಯಸ್ಸಿಲ್ಲ ಅನ್ನೋದಕ್ಕೆ ಪುಷ್ಪಾ ಅವರೇ ಸಾಕ್ಷಿ. ಈಗ ಇವರು ನಿಜವಾದ ಸಮಾಜಕಾರ್ಯಕರ್ತೆ" ಎಂದು ಭಾಷಣ ಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲು ಮೈಗೆ ಚುಚ್ಚುತ್ತಿತ್ತು. ಪುಷ್ಪಾ ಕೈಮುಗಿದು ಕೂತಳು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳು ಚಳಿಯೆಂದದ್ದಕ್ಕೆ ಶಾಲನ್ನು ಅವಳ ಮಡಿಲಿಗೆ ಹಾಕಿ ಬಸ್ಸು ಹತ್ತಿದಳು.

ಅವತ್ತಿನಿಂದ ಅವಳ ವರದಿಗಳು ಬದಲಾದವು. ಮನೆಗಳಿಗೆ ಮೊದಲಿನಂತೆಯೇ ಹೋದಳು. ಹಿತ್ತಲಲ್ಲೇ ಕೂತಳು, ಬಾಣಂತಿಯ ಕೂಸನ್ನು ಎತ್ತಿಕೊಂಡಳು. ಆಫೀಸಿಗೆ ಮಾತ್ರ ಆರು ಹಂತಗಳನ್ನು ತುಂಬಿಕೊಟ್ಟಳು. ವರ್ಷದೊಳಗೆ ನಂಜುಂಡೇಶನ ಕೈಪಿಡಿಯ ಎರಡನೆಯ ಮುದ್ರಣ ಹೊರಡುವುದರಲ್ಲಿತ್ತು. ಹೊಸ ಉದಾಹರಣೆಗಳಿಗಾಗಿ ಅವನು ಅವಳ ವರದಿಗಳನ್ನು ತಿರುವಿಹಾಕಿ ಮುಖ ಗಂಟಿಕ್ಕಿದ.

"ಏನಿದು ಪುಷ್ಪಾ? ಬಾಂಧವ್ಯ ಸ್ಥಾಪಿಸಲಾಯಿತು, ಬಾಂಧವ್ಯ ಸ್ಥಾಪಿಸಲಾಯಿತು. ಎಲ್ಲಾ ಒಂದೇ ಥರ. ಮೊದಲು ಎಷ್ಟು ಜೀವಂತವಾಗಿ ಬರೀತಿದ್ದೆ!"

"ಆಗ ಓದಿರ್ಲಿಲ್ವಲ್ಲ ಸಾರ್. ಈಗ ಡಿಗ್ರಿ ಆಗೈತೆ."

ಅವನಿಗೆ ಅರ್ಥವಾಯಿತೋ ಇಲ್ಲವೋ, ಫೈಲು ಮುಚ್ಚಿಟ್ಟು ಹೋದ. ಪುಷ್ಪಾಗೆ ಆ ದಿನವಿಡೀ ಖುಷಿಯಾಗಿತ್ತು. ಆ ಖುಷಿ ಬಹಳ ದಿನ ಉಳಿಯಲಿಲ್ಲ.

ಕೆಲಸಕ್ಕೆ ಹೊಸದಾಗಿ ಸೇರಿದ ಶಿವಾನಿ ಎಂಬ ಹುಡುಗಿ ಒಂದು ಮಧ್ಯಾಹ್ನ ಅವಳ ಮೇಜಿನ ಬಳಿ ಬಂದು ನಿಂತಳು. ಕೈಯಲ್ಲಿ ಪುಷ್ಪಾಳ ಹೊಸ ವರದಿಗಳ ಕಟ್ಟಿತ್ತು. "ಮೇಡಂ, ನಿಮ್ಮ ಫೈಲು ಓದಿ ಕೆಲಸ ಕಲೀರಿ ಅಂದ್ರು ಸಾರ್. ಮೂರು ಸಲ ಓದಿದೆ. ಅಲ್ಲಿಗೆ ಹೋಗಿ ನಾನು ಏನು ಮಾಡ್ಬೇಕು ಅನ್ನೋದೇ ಗೊತ್ತಾಗ್ಲಿಲ್ಲ."

ಪುಷ್ಪಾ ಕಟ್ಟನ್ನು ಇಸಿದುಕೊಂಡು ಒಂದೆರಡು ಹಾಳೆ ನೋಡಿದಳು. ಎಲ್ಲವೂ ತನ್ನದೇ ಕೈಬರಹ. ಆ ಪರೀಕ್ಷಕನ ಮೇಲೆ, ಈ ನಂಜುಂಡೇಶನ ಮೇಲೆ ಇಷ್ಟು ದಿನ ಉಕ್ಕುತ್ತಿದ್ದ ಅಸಹ್ಯ ಮೊದಲ ಬಾರಿಗೆ ತನ್ನ ಕಡೆಗೇ ತಿರುಗಿತು. ಕಳ್ಳನಿಗೆ ಸಿಗಬಾರದೆಂದು ಬಚ್ಚಿಟ್ಟದ್ದು ಈ ಹುಡುಗಿಗೂ ಸಿಗದೆ ಹೋಗಿತ್ತು.

"ಇದ್ರಲ್ಲಿ ಏನೂ ಇಲ್ಲ ಕಣಮ್ಮ," ಅಂದಳು. "ನಾಳೆ ಒಂಬತ್ತರ ಬಸ್ಸಿಗೆ ಬಾ. ಊಟ ಕಟ್ಕೊಂಡು ಬಾ. ಫಾರಂ ತರಬೇಡ."

"ಸಾರ್ ಕೇಳಿದ್ರೆ?"

"ಕೇಳ್ಳಿ ಬುಡು."